ದೇವನಕ್ಕಿ ದಾಟದ ಕಂಡಿ

ಸೊಪ್ಪು ಕೂಡಿದ ನೂರಾ ತೊಂಬತ್ತನೆಯ ವರ್ಷ, ಗಾಳಿ ತಿರುಗಿದ ತಿಂಗಳು

ಹಿಂದಿನವರಿಗೆ ಗಾಳೆವ್ವ ಮಾಡುವ ನಮಸ್ಕಾರ.

ನನ್ನ ಅಕ್ಷರ ಚೆನ್ನಾಗಿಲ್ಲ, ತಪ್ಪುಗಳೂ ಇರುತ್ತವೆ, ಮನ್ನಿಸಬೇಕು. ನಾಲ್ಕನೆಯ ತರಗತಿಯವರೆಗೆ ಓದಿದ್ದೇನೆ. ಈ ಕಾಗದ ನಮ್ಮ ಕೆರೆಯ ಸೊಪ್ಪಿನ ದಂಟು ಕುಟ್ಟಿ ಮಾಡಿದ್ದು; ನಾರು ಎದ್ದಲ್ಲೆಲ್ಲ ಲೇಖನಿ ಎಡವುತ್ತದೆ. ನಮ್ಮ ಕೆಲವು ಮಾತು ನಿಮಗೆ ಹೊಸದಾಗಿ ಕಾಣಬಹುದು. ತಿಳಿಯುವ ಹಾಗೆ ಹೇಳಲು ನೋಡುತ್ತೇನೆ.

ನಿಮ್ಮ ಕಾಲದಲ್ಲಿ ನೇರಳೆ ಹೂವಿನ ಅಂತರಗಂಗೆ ಕೆರೆಯ ಮೂಲೆಗಳಲ್ಲಿ ಮಾತ್ರ ಇತ್ತಂತೆ. ಈಗ ಅದು ದಡದಿಂದ ದಡಕ್ಕೆ ಕೂಡಿದೆ. ಕೂಡಿದ ದಿನದಿಂದಲೇ ನಾವು ವರ್ಷ ಎಣಿಸುತ್ತೇವೆ. ಹಳೆಯ ಸೊಪ್ಪಿನ ಮೇಲೆ ಹೊಸ ಸೊಪ್ಪು ಬೆಳೆದು ಆಳುದ್ದ ದಪ್ಪವಾದದ್ದನ್ನು ಹಾಸು ಎನ್ನುತ್ತೇವೆ. ಕಾಲಿಗೆ ಹಲಗೆ ಕಟ್ಟಿಕೊಂಡು ಅದರ ಮೇಲೆ ನಡೆಯುತ್ತೇವೆ. ಒಣಗಿದ ದಂಟಿನಿಂದ ಹಗ್ಗ, ಬುಟ್ಟಿ, ಚಾಪೆ ಮಾಡುತ್ತೇವೆ. ಕೊಳೆತದ್ದರ ಮೇಲೆ ಅಣಬೆ ಬೆಳೆಯುತ್ತೇವೆ. ಮೀನಿಗಾಗಿ ಮಾತ್ರ ಹಾಸನ್ನು ಕೊಯ್ದು ನೀರು ತೆರೆಯಬೇಕು. ಹಾಗೆ ತೆರೆದ ಜಾಗವೇ ಕಂಡಿ. ಒಂದು ಕಂಡಿ ಮಾಡಲು ವರ್ಷಗಟ್ಟಲೆ ಬೇಕು, ಮುಚ್ಚಿಹೋಗಲು ಒಂದು ಗಾಳಿ ಸಾಕು. ದಿನಾ ಬೆಳಿಗ್ಗೆ ಅಂಚಿನ ಸೊಪ್ಪನ್ನು ಕುಡುಗೋಲಿನಿಂದ ಕೊಯ್ದು ಮೇಲೆ ಎಳೆದು ಹಾಕಬೇಕು. ಆಮೇಲೆ ಬಿದಿರಿನ ಕೂಳಿ ಮುಳುಗಿಸಿಟ್ಟರೆ ಸಂಜೆಗೆ ಕುಚ್ಚುಮೀನು ಬಿದ್ದಿರುತ್ತದೆ. ಹಾಸಿನ ಕೆಳಗಿನ ನೀರು ಕಪ್ಪು, ಅದರಲ್ಲಿ ಉಸಿರಿಲ್ಲ. ಮೇಲೆ ಬಂದು ಗಾಳಿ ನುಂಗುವ ಮೀನು ಮಾತ್ರ ಉಳಿದಿದೆ.

ವರ್ಷಕ್ಕೊಂದು ಮನೆಯವರು ಹಿಂದಿನವರಿಗೆ ಪತ್ರ ಬರೆಯುವುದು ನಮ್ಮ ಪದ್ಧತಿ. ಹೆಚ್ಚಿನವರು ಬೈದು ಬರೆಯುತ್ತಾರೆ. ಊರಿನ ಕೊಳಚೆಯನ್ನೆಲ್ಲ ಕೆರೆಗೆ ಬಿಟ್ಟು ಸೊಪ್ಪಿಗೆ ಉಣಿಸಿದವರು ನೀವು ಎಂಬ ಸಿಟ್ಟು. ಅದು ಸುಳ್ಳಲ್ಲ. ಆದರೂ ಈ ವರ್ಷ ನನಗೆ ಬೈಯಲು ಮನಸ್ಸು ಬರಲಿಲ್ಲ.

ನನ್ನ ಅಕ್ಕ ಹುಲಿಗೆವ್ವನಿಗೆ ಬಹಳ ಕಾಲ ಮಕ್ಕಳಿರಲಿಲ್ಲ. ಕೊನೆಗೆ ಬಸುರಿಯಾದವಳು ಈ ಬೇಸಿಗೆಯಲ್ಲಿ ದಿನ ತುಂಬುತ್ತ ಬಂದಂತೆ ತುಂಬ ಬಳಲಿದಳು, ಭಾವ ಅವಳನ್ನು ಮೇಲಿನ ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೋಗುವಾಗ ಅಕ್ಕ ತನ್ನ ಕಂಡಿಯನ್ನು ನನಗೆ ಒಪ್ಪಿಸಿದಳು. ಅವರಿಬ್ಬರ ಊಟ ಅದರಿಂದಲೇ. ನಮ್ಮಲ್ಲಿ ಕಂಡಿ ಹೋಯಿತು ಎನ್ನುವುದಕ್ಕೆ ಒಂದೇ ಗುರುತು: ಎಲೆಗಳ ಮೇಲೆ ಓಡಾಡುವ ಉದ್ದ ಬೆರಳಿನ ದೇವನಕ್ಕಿ ಕಾಲು ನೆನೆಯದೆ ಈ ಅಂಚಿನಿಂದ ಆ ಅಂಚಿಗೆ ದಾಟಬೇಕು. ದಾಟಿದರೆ ಆ ಜಾಗ ಪಕ್ಕದ ಕಂಡಿಯವರಿಗೆ ಸೇರುತ್ತದೆ.

ಪಕ್ಕದ ಕಂಡಿ ಪಂಪಣ್ಣನದು. ಅವನು ತೆಪ್ಪದ ಮೇಲೆ ಕುಳಿತು ನನ್ನನ್ನು ಆಡಿಕೊಳ್ಳದ ದಿನವಿಲ್ಲ. "ಏ ಗಾಳೆವ್ವ, ಸೊಪ್ಪು ಕೊಯ್ಯಾಕತ್ತೀಯೋ, ಅದಕ್ಕ ತಲಿ ಬಾಚಾಕತ್ತೀಯೋ?" ಎನ್ನುತ್ತಿದ್ದ. ನಾನು ತಲೆ ಬಗ್ಗಿಸಿ ಕೊಯ್ಯುತ್ತಲೇ ಇರುತ್ತಿದ್ದೆ. ನನಗೆ ಜನರೆದುರು ಮಾತು ಬರುವುದಿಲ್ಲ. ನೀವು ಎದುರಿಗಿದ್ದಿದ್ದರೆ ಇಷ್ಟನ್ನೂ ಹೇಳುತ್ತಿರಲಿಲ್ಲವೇನೋ.

ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂದಾಗ ಕುಡುಗೋಲನ್ನು ಅಲ್ಲೇ ಬಿಟ್ಟು ಪಟ್ಟಣಕ್ಕೆ ಓಡಿದೆ. ಅಕ್ಕ ಉಳಿದಳು, ಹೆಣ್ಣು ಮಗುವಾಯಿತು. ಆದರೆ ಆ ದಿನಗಳಲ್ಲಿ ಪಡುವಣ ಗಾಳಿ ಬೀಸಿತ್ತು. ನಾನು ತಿರುಗಿ ಬಂದಾಗ ಕಂಡಿ ಇದ್ದ ಕಡೆ ಹಸಿರು ಮಾತ್ರ ಇತ್ತು. ಕಂಡಿ ಯಾರದೆಂದು ತೀರ್ಪು ಹೇಳುವ ನಮ್ಮ ಹಿರಿಯ ಜಂಬಣ್ಣಜ್ಜ ಆಗಲೇ ಅಂಚಿನಲ್ಲಿ ಕುಳಿತಿದ್ದ, ಪಕ್ಕದಲ್ಲಿ ಪಂಪಣ್ಣ. ಅಜ್ಜ ಬಂದು ಕುಳಿತ ಮೇಲೆ ಯಾರೂ ಸೊಪ್ಪು ಮುಟ್ಟುವಂತಿಲ್ಲ, ಹಕ್ಕಿಯನ್ನು ಕರೆಯುವಂತಿಲ್ಲ, ಓಡಿಸುವಂತಿಲ್ಲ. ನಾನೂ ಕುಳಿತೆ. ಮಗುವಿಗೆ ಹಾಲಿಳಿಯಲು ಮೀನಿನ ಸಾರು ಮಾಡಿಕೊಡು ಎಂದು ಅಕ್ಕ ಹೇಳಿದ್ದು ಕಿವಿಯಲ್ಲೇ ಇತ್ತು.

ದೇವನಕ್ಕಿ ಬಂತು. ಒಂದೊಂದೇ ಎಲೆಯನ್ನು ನೋಡಿ ಕಾಲಿಡುತ್ತ ನಡುವಿನವರೆಗೂ ನಡೆಯಿತು. ಅಷ್ಟರಲ್ಲಿ ಅದರ ಕಾಲ ಕೆಳಗೇ ಎಲೆಗಳು ಬಿರಿದು ಕುಚ್ಚುಮೀನೊಂದರ ಕಪ್ಪು ಬಾಯಿ ಮೇಲೆ ಬಂತು. ಗುಳುಕ್ ಎಂದು ಗಾಳಿ ನುಂಗಿ ಇಳಿದುಹೋಯಿತು. ಹಕ್ಕಿ ಬೆಚ್ಚಿ ಹಾರಿ ಆಚೆಯ ಅಂಚಿನಲ್ಲಿ ಕುಳಿತಿತು.

ಅಜ್ಜನ ಕಣ್ಣು ಅಷ್ಟು ದೂರಕ್ಕೆ ಕಾಣುವುದಿಲ್ಲ. ಹಕ್ಕಿ ಆಚೆ ಸೇರಿತೇ ಎಂದು ಕೇಳಿದ. ಮುಚ್ಚಿದ ಕಂಡಿಯ ಮನೆಯವರ ಮಾತು ನಮ್ಮಲ್ಲಿ ನಡೆಯುವುದಿಲ್ಲ, ಪಕ್ಕದ ಕಂಡಿಯವರು ಹೇಳಿದ್ದೇ ಸಾಕ್ಷಿ. ಪಂಪಣ್ಣ ಹೂಂ ಎಂದಿದ್ದರೆ ಸಾಕಿತ್ತು, ಅವನ ಕಂಡಿ ಎರಡರಷ್ಟಾಗುತ್ತಿತ್ತು. ಅವನು ಎಲೆ ಬಿರಿದ ಜಾಗದ ಕಡೆ ಕೈ ತೋರಿಸಿದ.

"ಹಾರ್ಕೊಂಡು ಹೋತಜ್ಜ, ದಾಟ್ಲಿಲ್ಲ," ಎಂದ. "ಅದರ ಕಾಲು ತೊಯ್ದಾವು. ಕೆಳಗ ಮೀನು ಇನ್ನೂ ಬಾಗಿಲು ಬಡ್ಯಾಕತ್ತೈತಿ. ಹುಲಿಗಿ ಕಂಡಿ ಹುಲಿಗೀದ."

ಆಮೇಲೆ ನನ್ನ ಕಡೆ ತಿರುಗಿ, ಈಗಲಾದರೂ ಬಾಚುವುದು ಬಿಟ್ಟು ಕೊಯ್ಯಿ ಎಂದ. ಕತ್ತಲಾಗುವ ತನಕ ಕೊಯ್ದೆ. ಮರುದಿನ ಸಿಕ್ಕ ಮೊದಲ ಮೀನಿನ ಸಾರು ಆಸ್ಪತ್ರೆಗೆ ಹೋಯಿತು. ಅಕ್ಕ ಒಂದು ಹನಿ ಬಿಡದೆ ಕುಡಿದಳಂತೆ.

ಅದಕ್ಕೇ ನಿಮಗೆ ಬೈಯಲಾಗಲಿಲ್ಲ. ಆ ಮೀನಿನ ಹಿರಿಯರು ಈಗ ನಿಮ್ಮ ಕೆರೆಯಲ್ಲಿದ್ದಾರೆ. ಅವರು ಸಾಯದೆ ಉಳಿದದ್ದರಿಂದ ಇವತ್ತು ನಮ್ಮ ಮಗುವಿಗೆ ಹಾಲಿದೆ. ನಿಮ್ಮಲ್ಲಿ ಯಾರೋ ಅವರನ್ನು ಉಳಿಯಗೊಟ್ಟಿದ್ದೀರಿ. ಯಾರೆಂದು ಗೊತ್ತಿಲ್ಲ, ಅವರಿಗೆ ನನ್ನ ಪ್ರೀತಿ ತಿಳಿಸಿ. ಒಂದು ಮಾತು ಕೇಳಿಕೊಳ್ಳುತ್ತೇನೆ. ಕೆರೆಯ ಸೊಪ್ಪು ನೋಡಿ ನಿಮಗೆ ಬೇಸರವಾದಾಗ ಅದರ ಮೇಲೆ ವಿಷ ಹೊಡೆಯಬೇಡಿ. ಕೈಯಿಂದ ಕಿತ್ತು, ಮೊರದಗಲ ನೀರು ತೆರೆದು, ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿರಿ. ಮೇಲೆ ಬರುವವರು ಬರುತ್ತಾರೆ.

ಅಕ್ಕ ಮನೆಗೆ ಬಂದಿದ್ದಾಳೆ, ಕಂಡಿ ಅವಳ ಕೈಗೆ ಸೇರಿದೆ. ಮಗುವಿಗೆ ಇನ್ನೂ ಹೆಸರಿಟ್ಟಿಲ್ಲ. ನೀವೆಲ್ಲ ಚೆನ್ನಾಗಿರಿ. ಇವತ್ತು ಬೆಳಿಗ್ಗೆ ಪಂಪಣ್ಣ ಏಳುವ ಮೊದಲೇ ಹೋಗಿ, ಅವನ ಕಂಡಿಯ ಪಡುವಣ ಅಂಚಿನ ಸೊಪ್ಪನ್ನು ಒಂದು ಮಾರಿನಷ್ಟು ಕೊಯ್ದು, ಮೇಲೆ ಎಳೆದು ಹಾಕಿ, ಸದ್ದಾಗದ ಹಾಗೆ ಮನೆಗೆ ಬಂದೆ.