‘ನಿಮಗೆ’ ಅಂದದ್ದಕ್ಕೆ

ಆಯೀ,

ಗಂಜಿ ಒಲೆ ಮೇಲಿದೆ, ಬಿಸಿ ಮಾಡ್ಕೊ. ಬಿಪಿ ಮಾತ್ರೆ ತಪ್ಪಿಸಬೇಡ. ನಿನ್ನೆಯದು ಡಬ್ಬಿಯಲ್ಲೇ ಇತ್ತು, ನೋಡಿದೆ.

ನಾನು ಹೊನ್ನಾವರಕ್ಕೆ ಹೊರಟೆ, ನನಗೆ ಕೌನ್ಸೆಲಿಂಗ್ ಕಲಿಸಿದ ಮೇಡಂ ಹತ್ರ. ಕೌನ್ಸೆಲಿಂಗಿಗೆ ಬಂದವರ ದುಃಖ ನಾನು ಕೇಳ್ತೆ, ನನ್ನದನ್ನು ಮೇಡಂ ಕೇಳಬೇಕು. ಪುರುಸೊತ್ತಿಲ್ಲ ಅಂತ ಮೂರು ತಿಂಗಳು ತಪ್ಪಿಸಿದ್ದೆ.

ನಿನ್ನೆ ನೀನು ಅಪ್ಪ ಹೋದ ದಿನದ ಮಾತು ತೆಗೆದಾಗ, “ನಿಮಗೆ ಆಗ ಹೇಗನ್ನಿಸಿತು?” ಅಂದುಬಿಟ್ಟೆ. ಹೆತ್ತ ತಾಯಿಗೆ ‘ನಿಮಗೆ’! ಗಡಿಯಾರ ಬೇರೆ ನೋಡಿದೆ. “ನಾ ನಿನ್ನ ಪೇಶಂಟ್ ಅಲ್ಲ ಮಗಾ” ಅಂತ ಎದ್ದು ಹೋದೆಯಲ್ಲ, ಅದಿನ್ನೂ ಕಿವಿಯಲ್ಲಿದೆ.

ಈ ವಾರ ಮಗು ಕಳಕೊಂಡ ತಾಯಂದಿರೇ ಮೂವರು ಬಂದಿದ್ದರು, ಆಯಿ. ಅವರೆದುರು ಅಳಬಾರದು ಅಂತ ಗಟ್ಟಿ ಮಾಡಿಕೊಂಡ ಎದೆ ಮನೆಗೆ ಬಂದರೂ ಸಡಿಲ ಆಗೂದಿಲ್ಲ. ಅಪ್ಪ ಹೋಗಿ ವರ್ಷ ಆತು, ನಾನಿನ್ನೂ ಅತ್ತಿಲ್ಲ.

ಬಾವಿಯ ನೀರು ನೀನು ಸೇದಬೇಡ, ಸೊಂಟ ಹಿಡೀತದೆ. ನಾನು ಬಂದು ಸೇದ್ತೆ.

ಸಂಜೆ ಅಪ್ಪನ ಮಾತು ಮತ್ತೆ ತೆಗಿ. ನಾನು ಎಂತದೂ ಕೇಳೂದಿಲ್ಲ. ನನಗೆ ಅಳು ಬಂದರೆ ಮಾತ್ರ, “ಎಂತ ಆತು ಮಗಾ?” ಅಂತ ನೀನು ಕೇಳು.