ಏರಿ ಕಡಿದ ದಿನ

ಹೊಳೆಹುಂಡಿ, ಹುಣಸೂರು ತಾಲ್ಲೂಕು
ಜುಲೈ ೨೪, ೧೯೨೪

ಭೇರ್ಯದಲ್ಲಿರುವ ನನ್ನ ಮುದ್ದಿನ ಮಗಳು ಚೆಲುವಮ್ಮನಿಗೆ ಅವ್ವನ ಆಶೀರ್ವಾದಗಳು.

ನಾವು ಮೂವರೂ ಜೀವಂತ ಇದ್ದೇವೆ. ಮೊದಲು ಅದನ್ನು ತಿಳಿದುಕೊ, ಆಮೇಲೆ ಕೂತು ಮಿಕ್ಕಿದ್ದನ್ನು ಓದು. ನಿನ್ನ ತಾತ ಕೂಲಿಮಠದಲ್ಲಿ ಬೆತ್ತ ಹಿಡಿದು ಕಲಿಸಿದ ಅಕ್ಷರ ಇವತ್ತು ಸೊಟ್ಟಗೆ ಬರುತ್ತಿದೆ.

ನಿನ್ನ ಅಣ್ಣ ದೇವರಾಜು ನಿಮ್ಮಪ್ಪನಿಗೆ ಹೊಡೆದ. ಊರೆಲ್ಲ ನೋಡುತ್ತಿರುವಾಗ. ಬರೆದ ಮೇಲೂ ನನಗೆ ನಂಬಿಕೆ ಬರುತ್ತಿಲ್ಲ.

ನಮ್ಮ ಲಕ್ಷ್ಮಣತೀರ್ಥ ಹೊಳೆಯ ಹಳೇ ಕಟ್ಟೆ ಕಲ್ಲುಕಲ್ಲಿನ ಸಂದಿಯಲ್ಲೂ ಸೋರುತ್ತಿದ್ದುದು ನಿನಗೆ ಗೊತ್ತು. ಈ ಬೇಸಿಗೆಯಲ್ಲಿ ರಿಪೇರಿಗೆ ಅಪ್ಪಣೆಯಾಯಿತು. ಸಡಿಲವಾದ ಕಲ್ಲು ಕಿತ್ತು, ಸಂದಿಗಳಿಗೆಲ್ಲ ಗಾರೆ ತುಂಬಿ, ಮೇಲೆ ಇನ್ನೆರಡು ವರಸೆ ಕಲ್ಲು ಕೂರಿಸಿದರು. ಪಕ್ಕದ ಮಣ್ಣಿನ ಏರಿಯನ್ನೂ ಅಷ್ಟೇ ಎತ್ತರಿಸಿದರು. ನಿಮ್ಮಪ್ಪ ನಾಲೆಗೆ ನೀರು ಬಿಡುವ ನೀರುಗಂಟಿಯಲ್ಲವೇ, ಹಗಲೆಲ್ಲ ಅಲ್ಲೇ ಇದ್ದರು. ನಾನೂ ಗಾರೆ ಅರೆದೆ. ಕಲ್ಲು ಹೊತ್ತವರು ಹೆಚ್ಚಾಗಿ ಕಟ್ಟೆಗೆ ಮೇಲ್ಗಡೆ ಹೊಳೆದಂಡೆಯ ಹಾಡಿಯ ಕಾಡುಜನ. ಮುದುಕ ದೊಡ್ಡಬೊಮ್ಮ, ಅವನ ಮಗ ಲಿಂಗ, ಬಸುರಿ ಸೊಸೆ ಚಿಕ್ಕಿ ಕೂಡ. ಕೆಲಸ ಮುಗಿದಾಗ ಪಟೇಲ ಷಣ್ಮುಖಪ್ಪನವರು ಎಲ್ಲರಿಗೂ ಬೆಲ್ಲದನ್ನ ಹಾಕಿಸಿದರು. ನಾಲೆಯ ಕೊನೆಯಲ್ಲಿರುವ ನಮ್ಮ ಗದ್ದೆಗೂ ಇನ್ನು ನೀರು ಬರುತ್ತದೆ ಅಂತ ದೇವರಾಜು ಹಿಗ್ಗಿಹೋಗಿದ್ದ.

ಹೋದ ವಾರ ಕೊಡಗಿನ ಕಡೆ ಅದೆಂಥ ಮಳೆಯೋ, ಹೊಳೆ ಕೆಂಪಗೆ ಉಬ್ಬಿ ಬಂತು. ಎತ್ತರಿಸಿದ ಕಟ್ಟೆಗೆ ತಡೆದು ನೀರು ಹಿಂದಕ್ಕೆ ಏರತೊಡಗಿತು. ಕೆಳಗಿನ ಮನೆಗಳವರೆಲ್ಲ ದನಕರು ಹೊಡೆದುಕೊಂಡು ದಿಣ್ಣೆ ಸೇರಿದ್ದೆವು. ಸೋಮವಾರ ಬೆಳಗ್ಗೆ ಏರಿಯ ಮೇಲೆ ನಿಂತು ನೋಡಿದರೆ, ಹಾಡಿಯ ದಿಬ್ಬವನ್ನು ಒಂದು ಕಡೆ ಹೊಳೆ, ಇನ್ನೊಂದು ಕಡೆ ಹಳ್ಳ ಸುತ್ತುವರಿದಿದ್ದವು. ಗುಡಿಸಲುಗಳ ಸೂರು ಮಾತ್ರ ಕಾಣುತ್ತಿತ್ತು. ಜನ ಮರ ಹತ್ತಿದ್ದರು. ಚಿಕ್ಕಿ ಹಸುಗೂಸನ್ನು ಬೆನ್ನಿಗೆ ಬಿಗಿದುಕೊಂಡು ಕೊಂಬೆ ತಬ್ಬಿದ್ದಳು. ಅವಳು ಬಾಯಿ ತೆರೆದು ಕೂಗುವುದು ಕಾಣುತ್ತಿತ್ತು ಮಗಾ, ಹೊಳೆಯ ಸದ್ದಿನಲ್ಲಿ ಕೇಳುತ್ತಿರಲಿಲ್ಲ.

ಏರಿ ಕಡಿದರೆ ನೀರು ಇಳಿಯುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಕೆಳಗಿದ್ದದ್ದು ನಮ್ಮ ಗದ್ದೆ, ನಮ್ಮ ಮನೆ. ಪಟೇಲರು, "ಕಾಯಾನ ಕಣ್ರಪ್ಪಾ, ಮಳೆ ನಿಂತೀತು" ಅಂದರು. ಹಾಗೇ ಕಾದೆವು.

ಆಮೇಲೆ ಜನ ತಿರುಗಿ ನೋಡುವಾಗ ನಿಮ್ಮಪ್ಪ ಏರಿ ಕಡಿಯುತ್ತಿದ್ದರು. ದೇವರಾಜು ಓಡಿಬಂದು ಗುದ್ದಲಿ ಕಿತ್ತುಕೊಂಡ. "ನಮ್ಮನೇನ ನೀನೇ ತೊಳ್ದಾಕ್ತಿದ್ದೀಯಲ್ಲಪ್ಪಾ!" ಎಂದು ಕಿರುಚಿ ದವಡೆಗೆ ಬಾರಿಸಿದ. ಅವರು ಕೆಸರಿಗೆ ಬಿದ್ದರು. ಎದ್ದರು. ಮಗನ ಮುಖ ಕೂಡ ನೋಡದೆ ಬರಿಗೈಯಲ್ಲೇ ಮಣ್ಣು ಬಗೆಯತೊಡಗಿದರು. ಅಷ್ಟರಲ್ಲಿ ನೀರೇ ದಾರಿ ಕಂಡುಕೊಂಡಿತು. ಏರಿ ಕುಸಿಯಿತು, ಹೊಸ ಗಾರೆಯ ಕಲ್ಲುಗಳೂ ಕಿತ್ತುಹೋದವು. ನೀನು ಹುಟ್ಟಿದ ಮನೆ ನೆನೆದು ಹಾಗೇ ಕೂತುಬಿಟ್ಟಿತು.

ಹಾಡಿಯಲ್ಲಿ ನೀರು ಇಳಿಯಿತು. ಲಿಂಗ, ಚಿಕ್ಕಿ, ಕೂಸು ಎಲ್ಲರೂ ಉಳಿದರು. ದೊಡ್ಡಬೊಮ್ಮ ಇಲ್ಲ. ನಾವು ಕಾಯುತ್ತ ನಿಂತಿದ್ದಾಗಲೇ ಅವನ ಕೊಂಬೆ ಮುರಿದಿತ್ತಂತೆ.

ಈಗ ಛತ್ರದಲ್ಲಿದ್ದೇವೆ. ನೀರುಗಂಟಿಯೇ ಏರಿ ಒಡೆದ ಅಂತ ಪಟೇಲರು ಅಮಲ್ದಾರರಿಗೆ ದೂರು ಕಳಿಸಿದ್ದಾರೆ. ನಿಮ್ಮಪ್ಪ ಊದಿದ ದವಡೆಯಲ್ಲೇ ಗಂಜಿ ಗುಟುಕರಿಸುತ್ತಾ, ಹುಡುಗ ಉಂಡನೋ ಇಲ್ಲವೋ ಅಂತ ಕೇಳುತ್ತಾರೆ. ದೇವರಾಜು ಅವತ್ತೇ ನಿನ್ನ ಊರಿನ ದಾರಿ ಹಿಡಿದನೆಂದು ನೋಡಿದವರು ಹೇಳಿದರು. ಬಂದಿದ್ದರೆ ಬೈಯಬೇಡ. ಮೊದಲು ಊಟ ಹಾಕು. ಅಳಿಯಂದಿರಿಗೂ ನೀನೇ ತಿಳಿಸಿ ಹೇಳು.

ಸದಾ ನಿನ್ನ ಒಳಿತನ್ನೇ ಬೇಡುವ
ಅವ್ವ
ಚಿಕ್ಕಸಿದ್ದಮ್ಮ

ಇನ್ನೊಂದು ಮಾತು: ದೂರಿನಲ್ಲಿ ನಿಮ್ಮಪ್ಪನ ಹೆಸರೊಂದೇ ಇದೆ. ಏರಿಗೆ ಮೊದಲ ಗುದ್ದಲಿ ಹಾಕಿದ್ದು ನಾನು. ಅವರು ಬಂದು ನನ್ನ ಕೈಯಿಂದ ಅದನ್ನು ಕಸಿದುಕೊಂಡಾಗ ತಡೆಯಲು ಬಂದರು ಅಂದುಕೊಂಡೆ. "ನೀ ಅತ್ಲಾಗ್ ನಿಂತ್ಕೊ" ಅಂದವರೇ ತಾವು ಕಡಿಯತೊಡಗಿದರು. ಅಮಲ್ದಾರರು ಬಂದಾಗ ಅವರ ಮುಂದೆ ಇದನ್ನು ಹೇಳುತ್ತೇನೆ, ನಿಮ್ಮಪ್ಪ ಬೇಡವೆಂದರೂ ಸರಿ. ಅದಕ್ಕೆ ಮುಂಚೆ ದೇವರಾಜುವಿಗೆ ನೀನು ಹೇಳಿಬಿಡು.