ನಿಮಿಷಕ್ಕೆ ಅರವತ್ನಾಲ್ಕು ಪದ

ಸೋಮವಾರ, ಜೂನ್ 9

ಮೂವತ್ತೆಂಟು ಮಕ್ಕಳು, ಆರು ಟ್ಯಾಬ್, ಒಂದೇ ಪ್ಲಗ್ ಪಾಯಿಂಟು. ಬೆಳಗ್ಗೆಯೆಲ್ಲ ಚಾರ್ಜಿಗೆ ಹಾಕೋದೇ ಆಯ್ತು. ನಾನು ಮೂರನೇ ಕ್ಲಾಸಿನ ಟೀಚರೋ, ಕರೆಂಟ್ ಆಫೀಸಿನವಳೋ... ಇನ್ನು ಮೇಲೆ ಓದು ಕಲಿಸೋದು ನಾವಂತೆ, ಅಳೆಯೋದು ಆ್ಯಪ್ ಅಂತೆ. ಮಗು ಟ್ಯಾಬ್ ಮುಂದೆ ಗಟ್ಟಿಯಾಗಿ ಓದಬೇಕು. ನಿಮಿಷಕ್ಕೆ ಎಷ್ಟು ಪದ ಅಂತ ಅದು ಎಣಿಸುತ್ತೆ. ಅರವತ್ತು ದಾಟಿದ್ರೆ ಹಸಿರು. ಮೂವತ್ತರ ಕೆಳಗೆ ಕೆಂಪು.

ಮನೇಲಿ ಅಕ್ಕನಿಗೆ ಹೇಳಿದೆ. ನರ್ಸ್ ಆಗಿ ರಿಟೈರಾದವಳು. "ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಇಳಿಯುತ್ತೇನೇ?" ಅಂದ್ಲು.

ಗುರುವಾರ, ಜೂನ್ 12

ಕಡ್ಡಿಯ ಸರದಿ. ಸಣಕಲು ಹುಡುಗಿ. ಕ್ಲಾಸೆಲ್ಲ ಹಾಗೇ ಕರೆಯೋದು, ಅವಳೂ ನಗುತ್ತಾ ಓಗೊಡ್ತಾಳೆ. ಉಗ್ಗು ಇದೆ. ಮೊದಲ ಅಕ್ಷರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ, ಕಾದರೆ ಬರುತ್ತೆ. ನಾನು ಕಾಯ್ತೀನಿ. ಆ್ಯಪ್ ಕಾಯಲ್ಲ. ಮೂರು ಸೆಕೆಂಡ್ ಸುಮ್ಮನಿದ್ರೆ "ಮತ್ತೆ ಪ್ರಯತ್ನಿಸಿ" ಅನ್ನುತ್ತೆ, ಜೇನು ಸುರಿಯೋ ದನಿಯಲ್ಲಿ.

ಹನ್ನೊಂದು ಪದ. ಕೆಂಪು.

ಅದೇ ಪಾಠದ ಪ್ರಶ್ನೆ ಕೊಟ್ಟು ಉತ್ತರ ಬರೆಸಿದೆ. ಹತ್ತಕ್ಕೆ ಹತ್ತು.

"ಟೀ... ಟೀಚರ್, ಅದಕ್ಕೇನು ಅ... ಅವಸರ?"

ಟ್ಯಾಬ್ ಆರಿಸಿ ಮತ್ತೆ ಚಾರ್ಜಿಗೆ ಹಾಕಿದೆ.

ಗುರುವಾರ, ಜುಲೈ 3

ಹೆಡ್‌ಮಾಸ್ಟರ್ ಕರೆಸಿದ್ರು. ಸತತ ಮೂರು ಸಲ ಕೆಂಪು ಬಂದವರು ಒಂದನೇ ಕ್ಲಾಸಿನ ರೂಮಲ್ಲಿ ಕೂರಬೇಕಂತೆ. ಮೇಲಿನವರ ಆರ್ಡರು. ಕಡ್ಡಿಗೆ ಆಗಲೇ ಎರಡಾಗಿದೆ.

"ಸರ್, ಅವಳಿಗೆ ಓದೋಕೆ ಬರುತ್ತೆ. ಮಾತು ತಡೆಯುತ್ತೆ, ಅಷ್ಟೇ."

"ಕಡ್ಡೀನ ಗುಡ್ಡ ಮಾಡ್ಬೇಡಿ ಮೇಡಂ."

ಹೇಳಿದ ಮೇಲೆ ಅವರಿಗೇ ಹೊಳೆದು ನಗು ಬಂತು. ನನಗೆ ಬರಲಿಲ್ಲ. ಉಗ್ಗು ಇದೆ ಅಂತ ಡಾಕ್ಟರ ಸರ್ಟಿಫಿಕೇಟ್ ತಂದ್ರೆ ವಿನಾಯಿತಿ ಉಂಟಂತೆ.

ಅವಳಮ್ಮ ದೊಡ್ಡಾಸ್ಪತ್ರೆಯ ಲಾಂಡ್ರೀಲೇ ಕೆಲಸ ಮಾಡೋದು. ಫೋನ್ ಮಾಡಿದೆ, ಸಂಜೆಗೇ ವಿಚಾರಿಸಿಕೊಂಡು ಬಂದ್ಲು. ಮಾತಿನ ಡಾಕ್ಟರ ಹತ್ತಿರ ಸರತಿ ಸಿಕ್ಕಿದ್ದು ಸೆಪ್ಟೆಂಬರ್ 29ಕ್ಕೆ. "ಮನೇಲಿ ಅರಳು ಹುರಿದ ಹಾಗೆ ಮಾತಾಡ್ತಾಳೆ ಟೀಚರ್. ತಡೀತಾ ತಡೀತಾನೇ, ಆದ್ರೂ ಬಾಯಿ ಮುಚ್ಚಲ್ಲ."

ಸೋಮವಾರ, ಜುಲೈ 21

ಮೂರನೇ ಪರೀಕ್ಷೆ. ಊಟದ ಬಿಡುವಿನಲ್ಲಿ ಸ್ಟೋರ್ ರೂಮಿಗೆ ಹೋಗಿ ಚಿಲಕ ಹಾಕಿದೆ. ಅವಳ ಹೆಸರು ಒತ್ತಿ, ದನಿ ಸಣ್ಣ ಮಾಡಿ ನಾನೇ ಓದಿದೆ. ಅಲ್ಲಲ್ಲಿ ಬೇಕಂತಲೇ ತಪ್ಪಿದೆ. ಐವತ್ತಾರು ವಯಸ್ಸು ನನಗೆ. ಮುರುಕು ಬೆಂಚುಗಳ ನಡುವೆ ಎಂಟು ವರ್ಷದವಳ ಹಾಗೆ...

ಅರವತ್ನಾಲ್ಕು ಪದ. ಹಸಿರು.

ಸಂಜೆ ಕಡ್ಡಿ ಮೇಜಿನ ಹತ್ತಿರ ಬಂದ್ಲು. "ನ... ನನ್ನ ಸರದಿ?"

"ಆಯ್ತಮ್ಮ."

"ನಾನು ಓ... ಓದಿಲ್ವಲ್ಲ."

"ಆಯ್ತು, ಹೋಗು."

ಬೀಸೋ ದೊಣ್ಣೆ ತಪ್ಪಿದ್ರೆ ಸಾಕು ಅಂತ ಮಾಡಿದ್ದು. ಆದ್ರೂ ಆ ಹಸಿರು ನೋಡಿ ಅವಳು ನಿಂತ ರೀತಿ... ಖುಷಿ ಅಲ್ಲ ಅದು.

ಸೋಮವಾರ, ಆಗಸ್ಟ್ 18

ಮತ್ತೆ ನಾನೇ ಓದಿದೆ. ಅರವತ್ತೇಳು. ಅವಳು ಈಗ ಸರದಿ ಕೇಳೋಕೆ ಬರಲ್ಲ.

ಸೋಮವಾರ, ಸೆಪ್ಟೆಂಬರ್ 1

ಹೆಡ್‌ಮಾಸ್ಟರ್ ಸ್ಟಾಫ್ ರೂಮಿಗೇ ಬಂದು ಕೈ ಕುಲುಕಿದ್ರು. ಹನ್ನೊಂದರಿಂದ ಅರವತ್ತೇಳು — ಇಡೀ ವಲಯದಲ್ಲೇ ಅತಿ ಹೆಚ್ಚು ಸುಧಾರಿಸಿದ ಮಗು ಕಡ್ಡಿ ಅಂತ ಆ್ಯಪ್ ಹೆಕ್ಕಿ ತೆಗೆದಿದೆ. 12ನೇ ತಾರೀಕು ದೊಡ್ಡ ಅಧಿಕಾರಿಗಳು ಬರ್ತಾರೆ. ಸ್ಟೇಜ್ ಮೇಲೆ ಅವಳೇ ಓದಬೇಕು.

"ಬೇರೆ ಯಾರಾದ್ರೂ..." ಅಂದೆ. "ಸಂಕೋಚ ಯಾಕೆ ಮೇಡಂ, ನಿಮ್ಮ ಶ್ರಮ ಇದು." ಆಗಲೇ ನಿಜ ಹೇಳಬಹುದಿತ್ತು. ಬಾಗಿಲು ಮುಚ್ಚಿತ್ತು, ಇಬ್ಬರೇ ಇದ್ವಿ. ಹೇಳಲಿಲ್ಲ.

ಬುಧವಾರ, ಸೆಪ್ಟೆಂಬರ್ 10

ಅವಳಮ್ಮನಿಗೆ ಹೇಳಿ ನೋಡಿದೆ — ಆವತ್ತು ಮಗೂಗೆ ರಜೆ ಹಾಕಿಸಮ್ಮ, ಜ್ವರ ಅನ್ನು. ಅವಳಿಗೆ ಅರ್ಥವೇ ಆಗಲಿಲ್ಲ. "ಅಯ್ಯೋ, ನಾನೇ ರಜೆ ಹಾಕಿದ್ದೀನಿ ಟೀಚರ್, ನೋಡೋಕೆ."

ಶುಕ್ರವಾರ, ಸೆಪ್ಟೆಂಬರ್ 12

ಹತ್ತು ಸಾಲಿನ ಪಾಠ. ಮೊದಲ ಪದ 'ಮರ'.

ಮ... ಮ... ಮ್...

ಅಧಿಕಾರಿ ಮುಗುಳ್ನಗ್ತಾ ಕೂತಿದ್ರು. ಕಾಯ್ತಿದ್ದಾರೆ ಅಂದ್ಕೊಂಡೆ. ಟ್ಯಾಬನ್ನ ಮೊದಲೇ ಸ್ಪೀಕರಿಗೆ ಜೋಡಿಸಿದ್ರಲ್ಲ, ಅಷ್ಟರಲ್ಲಿ ಅದು — "ಮತ್ತೆ ಪ್ರಯತ್ನಿಸಿ" ಅಂತ ಹಾಲ್ ತುಂಬಾ. ಮಕ್ಕಳು ಗೊಳ್ಳೆಂದ್ರು. ದೊಡ್ಡವರೂ ಕೆಲವರು. ಮತ್ತೆ ಮ... ಮತ್ತೆ ಅದೇ ಜೇನು ದನಿ. ಮೂರು ಸಲ. ಅವಳು ನನ್ನ ಕಡೆ ನೋಡಿದ್ಲು.

ನಾನು ಚಪ್ಪಲಿ ನೋಡ್ಕೊಂಡೆ.

ಅವಳಮ್ಮ ಹಿಂದಿನ ಸಾಲಿನಿಂದ ಎದ್ದು ಬಂದು, ಯಾರನ್ನೂ ಕೇಳದೆ ಮಗೂನ ಇಳಿಸ್ಕೊಂಡು ಹೋದ್ಲು.

ಸೋಮವಾರ, ಸೆಪ್ಟೆಂಬರ್ 15

ಆ್ಯಪ್ ಎಲ್ಲರ ದನೀನೂ ಇಟ್ಕೊಂಡಿರುತ್ತಂತೆ. ಗೊತ್ತಿರಲಿಲ್ಲ. ಹೆಡ್‌ಮಾಸ್ಟರ್ ಹಾಕಿ ಕೇಳಿಸಿದ್ರು. ಥೂ... ಮುದುಕಿಯೊಬ್ಬಳು ಮಗುವಿನ ಹಾಗೆ ರಾಗ ಎಳೀತಿದ್ದಾಳೆ.

"ನಾನೇ ಸರ್" ಅಂದೆ. "ಕೆಂಪು ಅಂತ ತಿದ್ದಿಬಿಡಿ. ಏನು ಶಿಕ್ಷೆಯಾದ್ರೂ ಸರಿ."

ಬೈಯಲಿಲ್ಲ. ಅದೇ ಭಯ ಆಗಿದ್ದು. "ತಿದ್ದಿದ್ರೆ ನೀವೊಬ್ಬರೇ ಅಲ್ಲ, ಸ್ಕೂಲೇ ಮುಳುಗುತ್ತೆ. ಸ್ಟೇಜ್ ಭಯ ಅಂತ ರಿಪೋರ್ಟ್ ಕಳಿಸಿದ್ದೀನಿ. ಹಸಿರು ಹಸಿರಾಗೇ ಇರ್ಲಿ. ಬಾಯಿ ಬಿಡ್ಬೇಡಿ."

ಬಿಡಲಿಲ್ಲ.

ಸೋಮವಾರ, ಸೆಪ್ಟೆಂಬರ್ 29

ಕಡ್ಡಿ ಎರಡು ವಾರದಿಂದ ಒಂದು ಮಾತೂ ಆಡಿಲ್ಲ. ಹಾಜರಿ ಕೂಗಿದ್ರೆ ಕೈ ಎತ್ತುತ್ತಾಳೆ. ಬರೆಯೋದನ್ನೂ ಬಿಟ್ಟಿದ್ದಾಳೆ.

ಸಂಜೆ ಗೇಟಿನ ಹತ್ತಿರ ಅವಳಮ್ಮ. ಆಸ್ಪತ್ರೆಯಿಂದ ನೇರ ಬಂದಿದ್ಲು. ಅಲ್ಲಿನ ಕಂಪ್ಯೂಟರಲ್ಲಿ ಶಾಲೆಯ ದಾಖಲೆ ಕಾಣುತ್ತಂತೆ. ಹಸಿರು ಮಕ್ಕಳಿಗೆ ಮಾತಿನ ಚಿಕಿತ್ಸೆ ಇಲ್ಲ ಅಂತ ಕೌಂಟರಿನಲ್ಲೇ ವಾಪಸ್ ಕಳಿಸಿದ್ದಾರೆ. ಡಾಕ್ಟರ ಮುಖ ಕೂಡ ನೋಡಿಲ್ಲ.

"ಮನೇಲೂ ಮಾತಿಲ್ಲ ಟೀಚರ್. ನೀರು ಬೇಕಂದ್ರೂ ಕೈಸನ್ನೆ. ಅದೆಲ್ಲೋ ತಪ್ಪಾಗಿದೆ, ನೀವೊಂದು ಕಾಗದ ಬರ್ಕೊಡಿ, ಮುಂದಿನ ತಿಂಗಳು 11ರೊಳಗೆ ತಂದ್ರೆ ನೋಡ್ತಾರಂತೆ. ನಿಮಗಿಂತ ಅವಳನ್ನ ಬಲ್ಲೋರು ಯಾರಿದ್ದಾರೆ?"

ಬರ್ಕೊಡ್ತೀನಿ ಅಂದೆ.

ಶುಕ್ರವಾರ, ಅಕ್ಟೋಬರ್ 3

ಮೂರು ಸಲ ಬರೆದು ಹರಿದೆ. ತಪ್ಪಾಗಿದೆ ಅಂತ ಬರೆದ್ರೆ ಯಾರ ತಪ್ಪು ಅಂತ ಕೇಳ್ತಾರೆ. ಅಕ್ಕನಿಗೆ ಎಲ್ಲಾ ಹೇಳಿದೆ. "ನೀನು ಒಳ್ಳೇದಕ್ಕೇ ಮಾಡಿದ್ದು" ಅಂದ್ಲು. ಬೈದಿದ್ರೆ ಚೆನ್ನಾಗಿತ್ತು.

ಭಾನುವಾರ, ಅಕ್ಟೋಬರ್ 12, ಸಂಜೆ 5

ಕಾಗದ ಇನ್ನೂ ಆಗಿಲ್ಲ. 'ಮಾನ್ಯರೆ' ಅಂತ ಬರೆದು ಕೂತಿದ್ದೀನಿ. ಆಸ್ಪತ್ರೆಯವರು ಕಾಗದಕ್ಕೆ ಕೊಟ್ಟ ಗಡುವು ನಿನ್ನೆಗೇ ಮುಗಿದಿದೆ. ಈಗ ಬರೆದ್ರೂ...

ಅಕ್ಕ ಹೊರಗಿಂದ ಕರೀತಿದ್ದಾಳೆ. ಕಾಗದಕ್ಕೆ ಅಂತ ಕಡ್ಡಿಯ ಅಮ್ಮ ಬಾಗಿಲಲ್ಲಿ ನಿಂತಿದ್ದಾಳಂತೆ. ಒಬ್ಬಳೇ ಅಲ್ಲ, ಮಗೂನೂ ಕರ್ಕೊಂಡು —